ಲಂಚ ಕೊಡದ ಫ್ಯಾಕ್ಟರಿ, ನಮ್ಮ ಶಾಲೆಯ ಮೊಟ್ಟೆ

ಅಜೀಂ ಪ್ರೇಮ್‌ಜಿ ಅಂದ್ರೆ ಬೆಂಗಳೂರಿನವರಿಗೆ ಸಾಫ್ಟ್‌ವೇರ್. ತುಮಕೂರಿನವರಾದ ನಮಗೆ ಅಂತರಸನಹಳ್ಳಿಯ ಸೋಪಿನ ಫ್ಯಾಕ್ಟರಿ. ಅದರ ಕಥೆಯೊಂದನ್ನು ನಮ್ಮ ಮಾವನವರು ಆಗಾಗ ಹೇಳುತ್ತಿದ್ದರು. ಆಮೇಲೆ ನಾನೂ ಓದಿದೆ. 1980ರ ದಶಕದಲ್ಲಿ ಫ್ಯಾಕ್ಟರಿಗೆ ಕರೆಂಟ್ ಕನೆಕ್ಷನ್ ಬೇಕಿತ್ತು. ಲಂಚ ಕೇಳಿದರು. ಪ್ರೇಮ್‌ಜಿ ಕೊಡಲಿಲ್ಲ. ಜನರೇಟರ್ ಇಟ್ಟುಕೊಂಡು ತಿಂಗಳುಗಟ್ಟಲೆ ಕೆಲಸ ನಡೆಸಿದರು. ಲಂಚಕ್ಕಿಂತ ಎಷ್ಟೋ ಪಟ್ಟು ಜಾಸ್ತಿ ದುಡ್ಡು ಡೀಸೆಲ್‌ಗೇ ಹೋಯಿತು.

ನನ್ನ ಪ್ರಕಾರ ಅದು ದಂಡವಾದ ದುಡ್ಡಲ್ಲ. ಯಜಮಾನನೇ ಒಂದು ಸಲ ಕೈ ಬಿಸಿ ಮಾಡಿದರೆ, ಗೇಟಿನಲ್ಲಿ ಲಾರಿ ಲೆಕ್ಕ ಬರೆಯುವವನಿಗೆ ಯಾವ ಬಾಯಲ್ಲಿ ಬುದ್ಧಿ ಹೇಳುವುದು?

1966ರಲ್ಲಿ ತಂದೆ ತೀರಿಕೊಂಡಾಗ ಪ್ರೇಮ್‌ಜಿಗೆ 21 ವರ್ಷ. ಸ್ಟ್ಯಾನ್‌ಫರ್ಡ್‌ನಲ್ಲಿ ಓದುತ್ತಿದ್ದವರು ವಾಪಸ್ ಬಂದು, ಮಹಾರಾಷ್ಟ್ರದ ಅಮಳನೇರ್‌ನಲ್ಲಿದ್ದ ಅಡುಗೆ ಎಣ್ಣೆ ಕಂಪನಿ ವಹಿಸಿಕೊಂಡರು. ಅದೇ ಮುಂದೆ ವಿಪ್ರೋ ಆಯಿತು, ಎಲ್ಲರಿಗೂ ಗೊತ್ತು. 2019ರ ಹೊತ್ತಿಗೆ ಅವರು ತಮ್ಮ ದಾನ ಸಂಸ್ಥೆಯಾದ ಅಜೀಂ ಪ್ರೇಮ್‌ಜಿ ಫೌಂಡೇಶನ್‌ಗೆ ಬರೆದುಕೊಟ್ಟಿದ್ದರ ಬೆಲೆ 1.45 ಲಕ್ಷ ಕೋಟಿ ರೂಪಾಯಿ. ಆಗಿನ ಲೆಕ್ಕದಂತೆ ವಿಪ್ರೋದ 67% ಷೇರಿನ ಆದಾಯ ಅಲ್ಲಿಗೇ.

ಇಷ್ಟು ದೊಡ್ಡ ಸಂಖ್ಯೆ ನನ್ನಂಥ ಸರ್ಕಾರಿ ಶಾಲೆ ಟೀಚರ್‌ಗೆ ಅರ್ಥವಾಗುವುದು ಬಿಸಿಯೂಟದ ಕೋಣೆಯಲ್ಲಿ. ಮೊದಲು ವಾರಕ್ಕೆ ಎರಡು ದಿನ ಸರ್ಕಾರದ ಮೊಟ್ಟೆ ಇತ್ತು. 2024ರಲ್ಲಿ ಫೌಂಡೇಶನ್ ಮೂರು ವರ್ಷಕ್ಕೆ ಸುಮಾರು 1,500 ಕೋಟಿ ಕೊಡಲು ಒಪ್ಪಿತು. ಉಳಿದ ನಾಲ್ಕು ದಿನಕ್ಕೂ ಮೊಟ್ಟೆ ಬಂತು. ಬೇಡ ಅನ್ನುವ ಮಕ್ಕಳಿಗೆ ಬಾಳೆಹಣ್ಣು.

ಅಡುಗೆ ಅಕ್ಕಂದಿರಿಗೆ ಕೆಲಸ ಜಾಸ್ತಿಯಾಗಿದೆ. ಬೆಂದ ಮೊಟ್ಟೆಗಳನ್ನು ತಣ್ಣೀರಿನ ಬಕೆಟ್‌ಗೆ ಸುರಿದು, ಒಂದೊಂದನ್ನೇ ಕಲ್ಲಿಗೆ ತಟ್ಟಿ ಸುಲಿಯುತ್ತಾರೆ. ಬೆರಳೆಲ್ಲ ಸಿಪ್ಪೆ. ನಾಲ್ಕನೇ ಕ್ಲಾಸಿನ ಹುಡುಗಿಯೊಬ್ಬಳು ಬಿಳಿ ಭಾಗವನ್ನು ಸಾರಿನ ಜೊತೆ ತಿಂದು, ಹಳದಿಯನ್ನು ತಟ್ಟೆಯ ಅಂಚಿನಲ್ಲಿ ಕೊನೆಗೆ ಅಂತ ಇಟ್ಟುಕೊಳ್ಳುತ್ತಾಳೆ. ಪಕ್ಕದವನು ಕೈ ಹಾಕಿದರೆ ಜಗಳ ಗ್ಯಾರಂಟಿ.

ಬೇರೆ ಶ್ರೀಮಂತರು ತಮ್ಮ ಹೆಸರಲ್ಲಿ ಎಸಿ ಕ್ಲಾಸ್‌ರೂಮಿನ ಶಾಲೆ ಕಟ್ಟಿಸುವುದನ್ನೂ ನೋಡಿದ್ದೇವೆ. ಅಲ್ಲಿಗೆ ನಮ್ಮ ಮಕ್ಕಳು ಹೋಗಲಾರರು. ಪ್ರೇಮ್‌ಜಿ ದುಡ್ಡು ಈಗಾಗಲೇ ಇರುವ ಸರ್ಕಾರಿ ಒಲೆಗೇ ಬಂತು. ಈ ರೀತಿ ನನಗೆ ತುಂಬಾ ಇಷ್ಟ. ಹೊಸ ಕಟ್ಟಡ ಬೇಡ, ಹೊಸ ವ್ಯವಸ್ಥೆ ಬೇಡ. ಅದೇ ಅಕ್ಕಂದಿರು, ಅದೇ ಪಾತ್ರೆ, ಆದರೆ ರಾಜ್ಯದ ಲಕ್ಷಾಂತರ ಮಕ್ಕಳ ತಟ್ಟೆ ಬದಲಾಯಿತು.

ಭಯವೂ ಅಲ್ಲೇ ಇದೆ. ಒಬ್ಬರ ಒಳ್ಳೆಯ ಮನಸ್ಸಿನಿಂದ ಬಂದದ್ದು ಅವರ ನಂತರದವರ ಮನಸ್ಸು ಬೇರೆಯಾದರೆ ನಿಂತೂ ಹೋಗಬಹುದು, ಅಲ್ವಾ? ಕಳೆದ ತಿಂಗಳ ಪೋಷಕರ ಸಭೆಯಲ್ಲಿ ಒಬ್ಬ ತಾಯಿ ನೇರವಾಗಿ ಕೇಳಿದರು: "ಮೂರು ವರ್ಷ ಆದ್ಮೇಲೆ ಏನ್ ಮೇಡಂ?" ನಾನು ನಮ್ಮ ಶಾಲಾಭಿವೃದ್ಧಿ ಸಮಿತಿ (ಎಸ್‌ಡಿಎಂಸಿ) ಅಧ್ಯಕ್ಷರಿಗೆ ಹೇಳಿದ್ದೇನೆ. ಆರೂ ದಿನದ ಮೊಟ್ಟೆಯನ್ನು ಸರ್ಕಾರ ತನ್ನ ಬಜೆಟ್‌ನಲ್ಲೇ ಸೇರಿಸಲಿ ಅಂತ ನಿರ್ಣಯ ಬರೆದು ಕ್ಷೇತ್ರ ಶಿಕ್ಷಣಾಧಿಕಾರಿಯ (ಬಿಇಒ) ಆಫೀಸಿಗೆ ಕಳಿಸೋಣ. ಅಕ್ಕಪಕ್ಕದ ಶಾಲೆಯವರೂ ಬರೆಯಿರಿ, ಈಗಲೇ.