ಓದುವ ಕಡೆಯೋ, ಉಣ್ಣುವ ಕಡೆಯೋ

ಭಾನುವಾರದಿಂದ ಅವ್ವನ ಒಂದು ಪ್ರಶ್ನೆ ನನ್ನ ಬೆನ್ನು ಬಿಟ್ಟಿಲ್ಲ. ಪಾತ್ರೆ ತೊಳೆಯುವಾಗ, ತರಗತಿಯಲ್ಲಿ ಹಾಜರಿ ಕರೆಯುವಾಗ, ರಾತ್ರಿ ದೀಪ ಆರಿಸಿ ಮಲಗಿದಾಗಲೂ ಅದೇ ಮಾತು, ಅದೇ ದನಿ. ಬಳ್ಳಿಗಾವಿಯ ಕೇದಾರೇಶ್ವರನ ಗುಡಿಯ ಅಂಗಳದಲ್ಲಿ ಇಪ್ಪತ್ತು ಜನರ ನಡುವೆ ಸೆರಗು ತಲೆಯ ಮೇಲೆಳೆದುಕೊಂಡು ನಿಂತು ಅವಳು ಕೇಳಿದ್ದಳು: "ನಾನು ಆಗ ಇಲ್ಲಿಗೆ ಬಂದಿದ್ದರೆ ನನ್ನನ್ನು ಯಾವ ಕಡೆ ಕೂರಿಸುತ್ತಿದ್ದರು ಮಗಳೇ? ಓದುವ ಕಡೆಯೋ, ಉಣ್ಣುವ ಕಡೆಯೋ?"

ಕೇಳಿದ್ದು ನನ್ನನ್ನಲ್ಲ. ನಮ್ಮನ್ನು ಊರು ಸುತ್ತಿಸುತ್ತಿದ್ದ ಹುಡುಗಿಯನ್ನು. ಇತಿಹಾಸ ಓದುವ ಕಾಲೇಜು ಮಕ್ಕಳು ನಾಲ್ಕೈದು ಜನ ಸೇರಿ ಬಳ್ಳಿಗಾವಿಯನ್ನು ನಡೆದು ತೋರಿಸುತ್ತಾರೆ ಎಂದು ಸಹೋದ್ಯೋಗಿಯೊಬ್ಬರು ಹೇಳಿದ್ದರು. ನಾನು ಹದಿನೇಳು ವರ್ಷದಿಂದ ಸಮಾಜ ವಿಜ್ಞಾನ ಕಲಿಸುತ್ತಿದ್ದೇನೆ. ಬಳ್ಳಿಗಾವಿ ಎಂದರೆ ದಕ್ಷಿಣ ಕೇದಾರ, ಕಾಳಾಮುಖ ಎಂಬ ಶೈವ ಪಂಥದವರ ನೆಲೆ, ಹೆಸರಾಂತ ವಿದ್ಯಾಕೇಂದ್ರ ಎಂದು ಪ್ರತಿವರ್ಷ ಬೋರ್ಡಿನ ಮೇಲೆ ಬರೆಸಿದ್ದೇನೆ. ಶಿವಮೊಗ್ಗದಿಂದ ಬೆಳಗಿನ ಬಸ್ಸು ಹತ್ತಿದರೆ ಶಿಕಾರಿಪುರ ದಾಟಿ ಶಿರಾಳಕೊಪ್ಪ, ಅಲ್ಲಿಂದ ಎರಡು ಕಿಲೋಮೀಟರ್. ಇಷ್ಟು ಹತ್ತಿರವಿದ್ದೂ ಒಮ್ಮೆಯೂ ನಿಂತು ನೋಡಿರಲಿಲ್ಲ. ಅವ್ವ ಕೇದಾರೇಶ್ವರನಿಗೆ ಕಾಯಿ ಒಡೆಸಬೇಕೆಂದು ಹೊರಟಳು. ಅಕ್ಕಿರೊಟ್ಟಿ, ಶೇಂಗಾ ಚಟ್ನಿ ಕಟ್ಟಿಕೊಂಡೆವು. ಶಿಕಾರಿಪುರದಿಂದಾಚೆ ರಸ್ತೆಯ ಅರ್ಧಕ್ಕೆ ಮೆಕ್ಕೆಜೋಳ ಒಣಹಾಕಿದ್ದರು. ಬಸ್ಸು ಅದರ ಅಂಚಿಗೆ ಹೆದರಿ ಹೆದರಿ ಹೋಗುತ್ತಿತ್ತು.

ಆ ಹುಡುಗಿಗೆ ಇಪ್ಪತ್ತು ತುಂಬಿದೆಯೋ ಇಲ್ಲವೋ. ಬಿ.ಎ. ಕೊನೆಯ ವರ್ಷ. ಕೈಯಲ್ಲಿ ಪ್ಲಾಸ್ಟಿಕ್ ಹಾಳೆಯೊಳಗೆ ಹಾಕಿದ ನಾಲ್ಕೈದು ಕಾಗದ, ಅದರಲ್ಲಿ ತಾನೇ ಕೈಯಾರೆ ಬರೆದುಕೊಂಡ ಶಾಸನಪಾಠ. ಬಾಯಿಪಾಠ ಒಪ್ಪಿಸುವ ರೀತಿಯಲ್ಲಿ ಅವಳು ಮಾತನಾಡಲಿಲ್ಲ. ಒಂದು ವಾಕ್ಯ ಹೇಳಿ ನಮ್ಮ ಮುಖ ನೋಡುತ್ತಿದ್ದಳು, ತಲುಪಿತೆಂದು ಕಂಡ ಮೇಲೆ ಮುಂದಿನದು. ನನ್ನ ವೃತ್ತಿಯಲ್ಲಿ ಎಷ್ಟೋ ವರ್ಷ ಕಳೆದವರಿಗೂ ಈ ತಾಳ್ಮೆ ಬರುವುದಿಲ್ಲ.

ಮೊದಲು ಊರಿನ ಹಳೆಯ ಅಳತೆ ಹೇಳಿದಳು: ಮೂರು ಪುರ, ಐದು ಮಠ, ಏಳು ಬ್ರಹ್ಮಪುರಿ, ಅಂದರೆ ವಿದ್ವಾಂಸ ಬ್ರಾಹ್ಮಣರ ಕೇರಿ. ಬನವಾಸಿ ಪನ್ನಿರ್ಚ್ಛಾಸಿರ, ಅಂದರೆ ಬನವಾಸಿ ಹನ್ನೆರಡು ಸಾವಿರ ಎಂಬ ಪ್ರಾಂತ್ಯದ ರಾಜಧಾನಿ. ಶೈವರು, ವೈಷ್ಣವರು, ಜೈನರು, ಬೌದ್ಧರು ಎಲ್ಲರ ಗುಡಿಗಳೂ ಇಲ್ಲಿದ್ದವು. 1065ರಲ್ಲಿ ರೂಪಭಟ್ಟಯ್ಯ ಎಂಬ ದಂಡನಾಯಕ ಬೌದ್ಧ ವಿಹಾರವನ್ನೇ ಕಟ್ಟಿಸಿದ್ದ. ಆಮೇಲೆ ನಮ್ಮನ್ನು ಅಂಗಳದಲ್ಲಿ ನಿಲ್ಲಿಸಿರುವ ಶಾಸನದ ಕಲ್ಲೊಂದರ ಬಳಿಗೆ ಕರೆದೊಯ್ದಳು. ಮಧ್ಯಾಹ್ನದ ನೇರ ಬೆಳಕಿನಲ್ಲಿ ಅದು ಬರೀ ಒರಟು ಬಂಡೆ. ಅವಳು ದುಪಟ್ಟಾದಿಂದ ಒಂದು ಬದಿಗೆ ನೆರಳು ಮಾಡಿ, ಮೊಬೈಲಿನ ಟಾರ್ಚನ್ನು ಕಲ್ಲಿನ ಮೈಗೆ ಸಮಾನಾಂತರವಾಗಿ, ಅಡ್ಡಡ್ಡವಾಗಿ ಹಿಡಿದಳು. ಅಕ್ಷರಗಳು ಎದ್ದು ಬಂದವು. ಒಂದೊಂದು ಅಕ್ಷರದ ಬಲಗಡೆ ಕೂದಲೆಳೆಯಷ್ಟು ನೆರಳು ಬಿದ್ದು ಸಾಲಿಗೆ ಸಾಲೇ ಬಾಯಿಬಿಟ್ಟಿತು. "ಮುಟ್ಟಬೇಡಿ, ಕೈಯ ಬೆವರಿಗೂ ಕಲ್ಲು ಸವೆಯುತ್ತದೆ, ಕಣ್ಣಿನಲ್ಲೇ ಓದಿ" ಎಂದಳು. ಅವ್ವ ಬಗ್ಗಿ ನೋಡಿ "ಇದು ರ ಅಲ್ಲವೇ?" ಎಂದಳು. ಹೌದು, ರ. ಒಂಬೈನೂರು ವರ್ಷದ ಹಿಂದಿನ ರ. ಮೂರನೆಯ ತರಗತಿಗೆ ಶಾಲೆ ಬಿಟ್ಟ ನನ್ನ ಅವ್ವ ಅದನ್ನು ಗುರುತು ಹಿಡಿದಳು.

ಮಠದ ವಿಷಯ ಬಂದದ್ದು ಆಗ. ಕೆರೆಯ ಕೋಡಿಯ ಬಳಿ ಇದ್ದುದರಿಂದ ಕೋಡಿಯ ಮಠ. ಮಳೆಗಾಲದಲ್ಲಿ ಕೆರೆ ಕೋಡಿ ಬಿದ್ದ ಸುದ್ದಿ ಕೇಳಿ ಬೆಳೆದ ನಮಗೆ ಆ ಹೆಸರನ್ನು ಯಾರೂ ಬಿಡಿಸಿ ಹೇಳಬೇಕಿಲ್ಲ. 1162ರಲ್ಲಿ ಕಳಚುರಿ ದೊರೆ ಬಿಜ್ಜಳ ಇಲ್ಲಿಗೆ ಬಂದು ದತ್ತಿ ಬಿಟ್ಟಾಗ ವಾಮಶಕ್ತಿ ಪಂಡಿತರು ಮಠದ ಗುರುಗಳು. ಆ ಶಾಸನದಲ್ಲಿ ಮಠದ ವರ್ಣನೆಯಿದೆ. ಹುಡುಗಿ ಕಾಗದ ನೋಡಿಕೊಂಡು ಓದಿದಳು: ನಾಲ್ಕು ವೇದಗಳು ಅಂಗಸಮೇತ, ಪಾಣಿನಿಯ ವ್ಯಾಕರಣ, ಶಾಕಟಾಯನನ ವ್ಯಾಕರಣ, ನ್ಯಾಯ, ವೈಶೇಷಿಕ, ಮೀಮಾಂಸೆ, ಸಾಂಖ್ಯ, ಬೌದ್ಧದರ್ಶನ, ಹದಿನೆಂಟು ಪುರಾಣ, ಕಾವ್ಯ, ನಾಟಕ. ಬೇರೆ ಮತದವರ ದರ್ಶನವನ್ನೂ ಶೈವರ ಮಠದಲ್ಲಿ ಕೂತು ಓದುತ್ತಿದ್ದರು ಎನ್ನುವುದನ್ನು ಅವಳು ಎರಡು ಸಲ ಹೇಳಿದಳು.

ನಂತರ ಇನ್ನೊಂದು ಪಟ್ಟಿ. ದೀನರು, ಅನಾಥರು, ಕುಂಟರು, ಕುರುಡರು, ಕಿವುಡರು, ಕತೆ ಹೇಳುವವರು, ಹಾಡುವವರು, ಕೊಳಲೂದುವವರು, ಕುಣಿಯುವವರು, ಬಟ್ಟೆಯಿಲ್ಲದವರು, ಗಾಯಗೊಂಡವರು, ನಾನಾ ದೇಶದ ಭಿಕ್ಷುಕರು. ಇವರಿಗೆಲ್ಲ ಅನಿವಾರ್ಯವಾದ ಅನ್ನದಾನ. "ಈಗ ಅನಿವಾರ್ಯ ಎಂದರೆ ಬೇರೆ ದಾರಿಯಿಲ್ಲ ಎನ್ನುತ್ತೇವೆ. ಇಲ್ಲಿ ಅದರ ಅರ್ಥ ತಡೆಯಿಲ್ಲದ್ದು. ಬಂದವರನ್ನು ಬೇಡವೆಂದು ಕಳಿಸದ ಊಟ" ಎಂದು ಬಿಡಿಸಿದಳು. ರೋಗಿಗಳಿಗೆ ಔಷಧಿ ಕೊಡುವ ಜಾಗ, ಎಲ್ಲ ಜೀವಿಗಳಿಗೂ ಅಭಯ ಕೊಡುವ ಜಾಗ ಎಂದೂ ಅದರಲ್ಲೇ ಇದೆ.

ಅವ್ವ ತನ್ನ ಪ್ರಶ್ನೆ ಕೇಳಿದ್ದು ಈ ಎರಡು ಪಟ್ಟಿಗಳ ನಡುವೆ ನಿಂತು.

ಹುಡುಗಿ ತಕ್ಷಣ ಉತ್ತರ ಕೊಡಲಿಲ್ಲ. ಕಾಗದ ನೋಡಿದಳು. ಅದರಲ್ಲಿ ಇಲ್ಲವೆಂದು ಗೊತ್ತಿದ್ದೂ ಇನ್ನೊಮ್ಮೆ ನೋಡಿದಳು ಎಂದು ಈಗ ನನಗೆ ಅನ್ನಿಸುತ್ತದೆ. ಆಮೇಲೆ ತಲೆಯೆತ್ತಿ ಹೇಳಿದಳು: "ಉಣ್ಣುವ ಕಡೆ ಖಂಡಿತ ಕೂರಿಸುತ್ತಿದ್ದರು ಅಮ್ಮಾ. ಅದು ಕಲ್ಲಿನಲ್ಲಿ ಬರೆದಿದೆ. ಓದುವ ಕಡೆ ಏನೇನು ಕಲಿಸುತ್ತಿದ್ದರು ಎಂದು ಬರೆದಿದ್ದಾರೆ. ಯಾರು ಯಾರು ಬಂದು ಕೂರಬಹುದು ಎಂದು ಹೀಗೆ ಪಟ್ಟಿ ಮಾಡಿಲ್ಲ." ಸ್ವಲ್ಪ ತಡೆದು, "ನನ್ನನ್ನು ಎಲ್ಲಿ ಕೂರಿಸುತ್ತಿದ್ದರು ಎಂದು ನಾನೂ ಎಷ್ಟೋ ಸಲ ಯೋಚಿಸಿದ್ದೇನೆ" ಎಂದಳು.

ಗುಂಪಿನಲ್ಲಿ ನಿವೃತ್ತ ಅಧಿಕಾರಿಯೊಬ್ಬರಿದ್ದರು. ತುಂಬ ಓದಿಕೊಂಡವರು, ಚಾಲುಕ್ಯರ ವಂಶಾವಳಿ ಅವರ ನಾಲಗೆಯ ತುದಿಯಲ್ಲಿತ್ತು. ಅವರಿಗೆ ಈ ಉತ್ತರ ಸರಿಬರಲಿಲ್ಲ. "ನಾಡಿನ ಹೆಮ್ಮೆಯ ಜಾಗ ತೋರಿಸುವಾಗ ಹೀಗೆಲ್ಲ ಅನುಮಾನ ಬಿತ್ತಬಾರದಮ್ಮ. ಎಲ್ಲರಿಗೂ ವಿದ್ಯೆ ಕೊಡುತ್ತಿದ್ದರು ಎಂದು ಹೇಳಿಬಿಡಬೇಕು. ವಯಸ್ಸಾದವರು ಕೇಳಿದ್ದಾರೆ, ಅವರಿಗೆ ಸಂತೋಷವಾಗುತ್ತದೆ" ಎಂದರು. ಹುಡುಗಿ ಕಾಗದವನ್ನು ಎರಡೂ ಕೈಯಿಂದ ಅವರ ಮುಂದೆ ಚಾಚಿದಳು. "ಇದರಲ್ಲಿ ಎಲ್ಲಿದೆ ತೋರಿಸಿ ಸರ್, ಮುಂದಿನ ಸಲದಿಂದ ಹಾಗೆಯೇ ಹೇಳುತ್ತೇನೆ" ಎಂದಳು. ದನಿಯಲ್ಲಿ ಉದ್ಧಟತನ ಎಳ್ಳಷ್ಟೂ ಇರಲಿಲ್ಲ. ಅವರು ಕಾಗದ ತೆಗೆದುಕೊಳ್ಳಲಿಲ್ಲ.

ಅವರ ಮೇಲೆ ನನಗೆ ಬಂದ ಸಿಟ್ಟು ಇನ್ನೂ ಪೂರ್ತಿ ಇಳಿದಿಲ್ಲ. ನನ್ನ ಅವ್ವನಿಗೆ ಸುಳ್ಳು ಹೇಳಿ ಸಂತೋಷಪಡಿಸಬೇಕು ಎಂದು ಅವರಿಗೆ ಯಾಕೆ ಅನ್ನಿಸಬೇಕು? ಕಿವುಡನಿಗೂ ಕುಂಟನಿಗೂ ಊಟಕ್ಕೆ ತಡೆಯಿಲ್ಲ ಎಂದು ಕಲ್ಲಿನಲ್ಲಿ ಕೆತ್ತಿಸಿದ ಊರಿಗೆ ಇಲ್ಲದ ಹೆಮ್ಮೆಯನ್ನು ಹೊಸದಾಗಿ ಹೊಲಿದು ತೊಡಿಸುವ ಅಗತ್ಯವೇ ಇಲ್ಲ. ಆದರೆ ಹದಿನೇಳು ವರ್ಷ "ವಿದ್ಯಾಕೇಂದ್ರ" ಎಂದು ಬೋರ್ಡಿನ ಮೇಲೆ ಬರೆಸಿದವಳು ನಾನು. ಯಾರ ವಿದ್ಯೆ, ಯಾರಿಗೆ ವಿದ್ಯೆ ಎಂದು ಒಂದು ದಿನವೂ ಮಕ್ಕಳಿಂದ ಕೇಳಿಸಿಲ್ಲ, ನಾನೂ ಕೇಳಿಕೊಂಡಿಲ್ಲ. ಇದು ನನ್ನನ್ನು ನಿಜವಾಗಿ ನೋಯಿಸಿದೆ.

ಉಳಿದ ನಡಿಗೆ ಬೇಗ ಮುಗಿಯಿತು ಎಂದೇ ನನ್ನ ನೆನಪು. ತ್ರಿಪುರಾಂತಕೇಶ್ವರದ ಗುಡಿಯಲ್ಲಿ ಜಾಲಂಧ್ರ, ಅಂದರೆ ಕಲ್ಲಿನಲ್ಲಿ ಕೊರೆದ ಜಾಲರಿ ನೋಡಿದೆವು. 1047ರಲ್ಲಿ ಚಾವುಂಡರಾಯ ನಿಲ್ಲಿಸಿದ ಗಂಡಭೇರುಂಡ ಕಂಬದ ಬುಡದಲ್ಲಿ ಎಲ್ಲರೂ ಫೋಟೊ ತೆಗೆಸಿಕೊಂಡರು. ಪಕ್ಕದ ತಾಳಗುಂದದ ದಿಕ್ಕಿಗೆ ಕೈ ತೋರಿಸಿ ಹುಡುಗಿ ಮಯೂರಶರ್ಮನ ಕತೆ ಹೇಳಿದಳು. ಗುರು ವೀರಶರ್ಮನ ಜೊತೆ ಕಂಚಿಯ ಘಟಿಕೆ ಎಂಬ ವಿದ್ಯಾಲಯಕ್ಕೆ ಓದಲು ಹೋದವನು, ಅಲ್ಲಿ ಪಲ್ಲವರ ಕುದುರೆಯಾಳಿನ ಜೊತೆ ಜಗಳವಾಗಿ ದರ್ಭೆ ಹಿಡಿದ ಕೈಯಲ್ಲಿ ಕತ್ತಿ ಹಿಡಿದವನು, ಕದಂಬ ರಾಜ್ಯ ಕಟ್ಟಿದವನು. ಇದನ್ನು ಕುಬ್ಜನೆಂಬ ಕವಿ ತಾಳಗುಂದದ ಕಂಬದ ಮೇಲೆ ಬರೆದಿಟ್ಟಿದ್ದಾನೆ. "ಓದುವುದಕ್ಕೆಂದು ಊರು ಬಿಟ್ಟು ಅಷ್ಟು ದೂರ ಹೋದ" ಎನ್ನುವಾಗ ಅವಳ ದನಿ ಮೆತ್ತಗಾಯಿತು. ಕಾಲೇಜಿಗೆ ಬರಲು ದಿನಾ ಎರಡು ಬಸ್ಸು ಬದಲಿಸುತ್ತಾಳಂತೆ. ಮುಂದೆ ಶಂಕರಘಟ್ಟದ ಕುವೆಂಪು ವಿಶ್ವವಿದ್ಯಾಲಯದಲ್ಲಿ ಎಂ.ಎ. ಮಾಡಬೇಕು, ಶಾಸನಶಾಸ್ತ್ರ ಕಲಿಯಬೇಕು ಎಂಬ ಆಸೆಯಿದೆ. ಮನೆಯಲ್ಲಿ ಗಂಡು ನೋಡಲು ಶುರುಮಾಡಿದ್ದಾರೆ ಎಂಬುದನ್ನು ಅವ್ವನಿಗೆ ಮಾತ್ರ ಹೇಳಿದ್ದಳು, ರೊಟ್ಟಿ ತಿನ್ನುವಾಗ.

ಬಿಜ್ಜಳ ಕೋಡಿಯ ಮಠಕ್ಕೆ ದತ್ತಿ ಬಿಟ್ಟ ಕಾಲದ ಬಗ್ಗೆ ಈ ವಾರವೆಲ್ಲ ಯೋಚಿಸುತ್ತಿದ್ದೇನೆ. ಅದೇ ಬಿಜ್ಜಳನ ಆಳ್ವಿಕೆಯಲ್ಲೇ ಕಲ್ಯಾಣದಲ್ಲಿ ಶರಣರು ಕೂಡಿದ್ದರು. ಅಲ್ಲಮಪ್ರಭು ಇದೇ ಬಳ್ಳಿಗಾವಿಯವನು, ಗುಡಿಯಲ್ಲಿ ಮದ್ದಳೆ ಬಾರಿಸುತ್ತಿದ್ದವನು ಎಂದು ನಮ್ಮ ಕಡೆ ಎಲ್ಲರೂ ನಂಬುತ್ತಾರೆ. ಅಕ್ಕಮಹಾದೇವಿಯ ಉಡುತಡಿಯೂ ಇದೇ ತಾಲೂಕು. ಶಾಸನದ ಎರಡನೆಯ ಪಟ್ಟಿಯಲ್ಲಿ ವಾದಕರಿದ್ದಾರೆ, ಬಟ್ಟೆಯಿಲ್ಲದವರೂ ಇದ್ದಾರೆ. ಮದ್ದಳೆಯವನು, ಕೇಶವನ್ನೇ ಉಟ್ಟು ಹೊರಟ ಹೆಣ್ಣುಮಗಳು, ಇಬ್ಬರೂ ಮಠದ ಬಾಗಿಲಿಗೆ ಬಂದಿದ್ದರೆ ಊಟಕ್ಕೆ ಅಡ್ಡಿಯಿರಲಿಲ್ಲ. ವ್ಯಾಕರಣದ ಪಾಠಕ್ಕೆ ಕರೆಯುತ್ತಿದ್ದರೇ? ಅವರಂತೂ ಕರೆಗಾಗಿ ಕಾಯಲಿಲ್ಲ. ತಮಗೆ ಬಂದ ಕನ್ನಡದಲ್ಲೇ ಮಾತನಾಡಿದರು, ಆ ಮಾತನ್ನು ಇವತ್ತು ನಾನು ತರಗತಿಯಲ್ಲಿ ಪಾಠವೆಂದು ಓದಿಸುತ್ತೇನೆ. ಮಠದ ಗೋಡೆಗಳು ಈಗಿಲ್ಲ.

ಅವ್ವನ ಪ್ರಶ್ನೆ ಎಲ್ಲಿಂದ ಎದ್ದಿತು ಎಂದು ಗುಂಪಿನಲ್ಲಿ ಗೊತ್ತಿದ್ದವಳು ನಾನೊಬ್ಬಳೇ. 2003ರಲ್ಲಿ ನಮ್ಮ ಕಡೆ ಬಿಸಿಯೂಟ ಶುರುವಾದಾಗ ಊರಿನ ಶಾಲೆಯಲ್ಲಿ ಅಡುಗೆಗೆ ಸೇರಿದವಳು ಅವಳು. ಅರವತ್ತು ತುಂಬುವವರೆಗೆ ಬೇಯಿಸಿದಳು, ಬಡಿಸಿದಳು. ಸರ್ಕಾರ ಆ ಯೋಜನೆಗೆ ಇಟ್ಟ ಹೆಸರು ಅಕ್ಷರ ದಾಸೋಹ. ಅಕ್ಷರವೂ ಅನ್ನವೂ ಒಂದೇ ಹೆಸರಿನಲ್ಲಿ ಕೂಡಿದ್ದರೂ ಅವ್ವನ ಪಾಲಿಗೆ ಬಂದದ್ದು ಸೌಟು. ಅವಳ ಕೈಯ ಅನ್ನ ಉಂಡ ಮಕ್ಕಳಲ್ಲಿ ಒಬ್ಬ ಈಗ ಎಂಜಿನಿಯರ್, ಇಬ್ಬರು ನರ್ಸ್. ಅವರು ದಾರಿಯಲ್ಲಿ ಸಿಕ್ಕರೆ "ಅಡುಗೆ ಅಮ್ಮಾ" ಎಂದು ನಿಂತು ಮಾತನಾಡಿಸುತ್ತಾರೆ. ಅವ್ವ ಅದನ್ನೇ ವಾರಗಟ್ಟಲೆ ಹೇಳಿಕೊಂಡು ಓಡಾಡುತ್ತಾಳೆ. ತಾನು ಓದಲಿಲ್ಲ ಎಂಬ ಮಾತನ್ನು ಅವಳು ನನ್ನೆದುರು ಆಡಿದ್ದೇ ಇಲ್ಲ. ಅದನ್ನು ಕೇಳಲು ಅವಳಿಗೆ ಕಲ್ಲಿನ ಮುಂದೆ ನಿಂತ ಒಬ್ಬ ಪರಿಚಯವಿಲ್ಲದ ಹುಡುಗಿ ಬೇಕಾದಳು.

ಹಿಂದಿರುಗುವ ಬಸ್ಸಿನಲ್ಲಿ ನಾನೇ ಮಾತು ತೆಗೆದೆ. ಹುಡುಗಿ ಹಾಗೆ ಹೇಳಿದ್ದಕ್ಕೆ ಬೇಜಾರಾಯಿತೇ ಎಂದು ಕೇಳಿದೆ.

"ಬೇಜಾರು ಯಾಕೆ? ಸುಳ್ಳು ಹೇಳಲಿಲ್ಲವಲ್ಲ ಅವಳು" ಎಂದಳು. ಕಿಟಕಿಯಾಚೆ ನೋಡುತ್ತ ತುಂಬ ಹೊತ್ತು ಸುಮ್ಮನಿದ್ದಳು. ಬಸ್ಸು ಶಿಕಾರಿಪುರ ದಾಟಿದ ಮೇಲೆ, ಕೇಳದೆಯೇ ಹೇಳಿದಳು: "ನಮ್ಮ ಶಾಲೆಯ ಅಡುಗೆಕೋಣೆಗೆ ನಾಲ್ಕನೆಯ ತರಗತಿಯ ಕಿಟಕಿ ತಾಗಿಕೊಂಡಿತ್ತು. ಬೇಳೆ ಬೇಯುವವರೆಗೆ ನಾನು ಅಲ್ಲೇ ಕೂತಿರುತ್ತಿದ್ದೆ. ಮಕ್ಕಳು ದಿನಾ ಕೂಗುತ್ತಿದ್ದರು. ಹದಿಮೂರೊಂದ್ಲ ಹದಿಮೂರು, ಹದಿಮೂರೆರಡ್ಲ ಇಪ್ಪತ್ತಾರು. ಹತ್ತೊಂಬತ್ತರವರೆಗೂ ನನಗೆ ಬರುತ್ತದೆ." ಹೇಳಿ ತೋರಿಸಿದಳು. ಹದಿನೇಳರ ಮಗ್ಗಿಯಲ್ಲಿ ನಾನೇ ತಡವರಿಸುವ ಜಾಗವನ್ನು ಅವಳು ಸಲೀಸಾಗಿ ದಾಟಿದಳು. ಇಷ್ಟು ವರ್ಷ ಈ ವಿಷಯ ನನಗೆ ಗೊತ್ತಿರಲಿಲ್ಲ.

ನಿನ್ನೆ ರಾತ್ರಿ ಊಟವಾದ ಮೇಲೆ ಅವ್ವ ನನ್ನ ಮೊಬೈಲನ್ನು ತಾನೇ ತಂದು ಕೈಗಿಟ್ಟಳು.

"ಆ ಹುಡುಗಿಯ ನಂಬರ್ ಇಟ್ಟುಕೊಂಡಿದ್ದೀಯಲ್ಲ, ಒಂದು ಮಾತು ಕೇಳು" ಎಂದಳು. "ಆ ಮಠದಲ್ಲಿ ಅಡುಗೆಮನೆ ಯಾವ ಕಡೆ ಇತ್ತಂತೆ? ಪಾಠ ಹೇಳುವ ಜಾಗಕ್ಕೆ ಎಷ್ಟು ದೂರ?"

ಕೇಳಿದೆ. ಹತ್ತು ನಿಮಿಷದಲ್ಲಿ ಉತ್ತರ ಬಂತು. ಇದನ್ನು ತಾನು ಈವರೆಗೆ ಯೋಚಿಸಿಯೇ ಇಲ್ಲ, ನಾಳೆಯೇ ಮೇಷ್ಟರನ್ನು ಕೇಳುತ್ತೇನೆ, ಅಮ್ಮನಿಗೆ ಮಲಗಬೇಡ ಎನ್ನಿ, ಫೋನ್ ಮಾಡುತ್ತಿದ್ದೇನೆ ಎಂದು ಬರೆದಿದ್ದಳು.