ಸೈಡ್ ಕೊಡೋ ಲೈಟು, ಲೇನ್ ಬದಲಿಸೋ ಲೈಟು

ಕಲಬುರಗಿಯಿಂದ ಹೈದರಾಬಾದಿಗೆ ನನ್ನ ಕಾರಿನಲ್ಲಿ ಬರುವವರಲ್ಲಿ ಜಾಸ್ತಿ ಜನ ಆಸ್ಪತ್ರೆಗೆ ಹೊರಟವರು. ಸೊಂಟದ ಮೂಳೆ ಮುರಿದವರು, ಹೊಟ್ಟೆಗೆ ಹೊಲಿಗೆ ಬಿದ್ದವರು ಹಿಂದಿನ ಸೀಟಿನಲ್ಲಿ ಒರಗಿಕೊಂಡಿರುತ್ತಾರೆ. ಅವರಿದ್ದಾಗ ಬ್ರೇಕ್ ಜೋರಾಗಿ ಒತ್ತುವ ಹಾಗಿಲ್ಲ. ಮುಂದಿನ ಗಾಡಿಯವನು ಏನು ಮಾಡ್ತಾನೆ ಅನ್ನೋದು ನನಗೆ ಮೊದಲೇ ಗೊತ್ತಾಗಬೇಕು. ಅದಕ್ಕೇ ಇಂಡಿಕೇಟರ್ ವಿಷಯದಲ್ಲಿ ನಾನು ಇಷ್ಟು ಹಟ ಮಾಡೋದು.

ಹುಮನಾಬಾದ್‌ವರೆಗೆ ನಮ್ಮದು ರಾಷ್ಟ್ರೀಯ ಹೆದ್ದಾರಿ 50. ಕಮಲಾಪುರ ದಾಟಿ ಹೋಗುವ ಈ ರಸ್ತೆಯಲ್ಲಿ ಎದುರಿನ ಗಾಡಿ ನೋಡಿಕೊಂಡೇ ಓವರ್‌ಟೇಕ್ ಮಾಡಬೇಕು. ಮುಂದೆ ಫರ್ಸಿ ಕಲ್ಲಿನ ಲಾರಿ ಇದ್ದರೆ ಏನೂ ಕಾಣಲ್ಲ. ಆಗ ಲಾರಿಯವನು ಬಲಗಡೆ ಇಂಡಿಕೇಟರ್ ಹಾಕಿ 'ಎದುರಿಗೆ ಯಾರೂ ಇಲ್ಲ, ಹೋಗು' ಅಂತಾನೆ. ಕೆಲವರು ಅದೇ ಮಾತು ಹೇಳೋಕೆ ಎಡಗಡೆಯದನ್ನು ಹಾಕುತ್ತಾರೆ. ಹಿಂದಿನವನಿಗೆ ದಾರಿ ಬಿಡೋಕೆ ಹಳೆಯ ರಸ್ತೆ ನಿಯಮದಲ್ಲಿ ಕೈಸನ್ನೆ ಇತ್ತು, ಬಲಗೈ ಹೊರಗೆ ಚಾಚಿ ಹಿಂದೆ ಮುಂದೆ ಬೀಸೋದು. ಈಗ ಕೈ ಹೊರಗೆ ಹಾಕುವವರು ಯಾರಿದ್ದಾರೆ? ಆ ಕೆಲಸ ಲೈಟಿಗೆ ಬಂತು.

ಹುಮನಾಬಾದಿನಲ್ಲಿ ಹೆದ್ದಾರಿ 65 ಹತ್ತಿದ ಮೇಲೆ ರಸ್ತೆ ನಾಲ್ಕು ಲೇನ್ ಆಗುತ್ತೆ, ನಡುವೆ ಡಿವೈಡರ್. ಇಲ್ಲಿ ಬಲಗಡೆ ಇಂಡಿಕೇಟರ್ ಅಂದರೆ 'ನಾನು ಬಲಕ್ಕೆ ಬರ್ತಿದ್ದೀನಿ' ಅಂತ, ಬೇರೆ ಏನೂ ಅಲ್ಲ. ಆದರೆ ನಮ್ಮ ಕಡೆಯವರ ಕಣ್ಣು ಇನ್ನೂ ಹಳೇ ರಸ್ತೆಯದೇ. ಒಮ್ಮೆ ಮನ್ನಾಎಖೇಳಿ ಹತ್ತಿರ ಎಡಗಡೆ ಲೇನಿನಲ್ಲಿ ಮುಂದಿದ್ದ ಸಿಮೆಂಟ್ ಬಲ್ಕರ್, ಅಂದರೆ ಸಿಮೆಂಟ್ ತುಂಬಿದ ಟ್ಯಾಂಕರ್ ಲಾರಿ, ಬಲಗಡೆ ಲೈಟ್ ಹಾಕಿತು. ಪಕ್ಕದಲ್ಲಿ ಕೂತಿದ್ದ ಪೇಶಂಟಿನ ಮಗ, "ಸೈಡ್ ಕೊಟ್ಟಾನ್ರಿ ಅಣ್ಣಾರ, ಹೊಡೀರಿ" ಅಂದ. "ಇಲ್ಲಪ್ಪಾ ತಮ್ಮಾ, ಅವನೇ ಈ ಕಡಿ ಬರ್ಲತ್ತಾನ" ಅಂದೆ. ಅಷ್ಟರಲ್ಲಿ ಬಲ್ಕರ್ ನಮ್ಮ ಲೇನಿಗೆ ಬಂದೇ ಬಿಟ್ಟಿತು. ಅದರ ಮುಂದೆ ಕಬ್ಬಿನ ಟ್ರ್ಯಾಕ್ಟರ್ ತೆವಳುತ್ತಾ ಹೋಗ್ತಿತ್ತು, ಹಿಂದೆ ಒಂದು ಕೆಂಪು ಲೈಟೂ ಇಲ್ಲದೆ. ಬಲ್ಕರಿನವನು ಮೊದಲೇ ಹೇಳಿದ್ದಕ್ಕೆ ನಾನು ಬರೀ ಕಾಲು ಸಡಿಲ ಬಿಟ್ಟೆ, ಅಷ್ಟೇ. ಹಿಂದೆ ಮಲಗಿದ್ದ ಅಮ್ಮನಿಗೆ ಎಚ್ಚರವೂ ಆಗಲಿಲ್ಲ.

ಎಷ್ಟು ಮುಂಚೆ ಹಾಕಬೇಕು ಅನ್ನೋದೇ ಮುಖ್ಯ. ಇಂಡಿಕೇಟರ್ ನಿಮಿಷಕ್ಕೆ 60ರಿಂದ 120 ಸಲ ಮಿನುಗಬೇಕು ಅಂತ ನಿಯಮವಿದೆ. ಅಂದಾಜು 90 ಅಂದುಕೊಳ್ಳಿ. ಮೂರು ಸಲ ಮಿನುಗೋಕೆ ಎರಡು ಸೆಕೆಂಡ್ ಬೇಕು. 80ರ ವೇಗದಲ್ಲಿ ಅಷ್ಟರಲ್ಲಿ ಗಾಡಿ 44 ಮೀಟರ್ ಹೋಗಿರುತ್ತೆ. ಹಿಂದಿನವನು ನೋಡಿ, ಅರ್ಥ ಮಾಡಿಕೊಂಡು, ಕಾಲು ತೆಗೆಯೋಕೆ ಅದೇನೂ ಜಾಸ್ತಿ ಅಲ್ಲ. ನಾನು ಐದಾರು ಸಲ ಮಿನುಗಲು ಬಿಟ್ಟು, ಕನ್ನಡಿ ನೋಡಿ, ಆಮೇಲೆ ಸ್ಟೇರಿಂಗ್ ತಿರುಗಿಸುತ್ತೇನೆ. ಸ್ಟೇರಿಂಗ್ ತಿರುಗಿಸುತ್ತಲೇ ಲೈಟ್ ಹಾಕುವವರಿದ್ದಾರಲ್ಲ, ಅವರು ಹಾಕಿದ್ದೂ ಒಂದೇ ಬಿಟ್ಟಿದ್ದೂ ಒಂದೇ.

ಇನ್ನೊಂದು ತೊಂದರೆ ಇದೆ. ಲೇನ್ ಬದಲಿಸುವಾಗ ಸ್ಟೇರಿಂಗ್ ತಿರುಗೋದು ಸ್ವಲ್ಪವೇ. ಹಾಗಾಗಿ ಇಂಡಿಕೇಟರ್ ಕಡ್ಡಿ ತಾನಾಗೇ ವಾಪಸ್ ಬರಲ್ಲ, ಕೈಯಿಂದ ತೆಗೀಬೇಕು. ಮರೆತರೆ ಮೈಲುಗಟ್ಟಲೆ ಮಿನುಗುತ್ತಲೇ ಇರುತ್ತೆ, ಹಿಂದಿನವರು ನಂಬೋದೇ ಬಿಡುತ್ತಾರೆ. ಮಳೆಯಲ್ಲಿ ನಾಲ್ಕೂ ಲೈಟ್ ಹಾಕಿಕೊಂಡು ಓಡಿಸುವವರದೂ ಇದೇ ಕಥೆ. ಯಾವ ಕಡೆ ಹೋಗ್ತಾರೆ ಅಂತ ಹೇಗೆ ತಿಳಿಯಬೇಕು?

"ಲೈಟ್ ಹಾಕಿದ್ರ ಹಿಂದಿನಾವ ಜಾಗಾ ಬಿಡಲ್ಲರೀ, ಇನ್ನಾ ಜೋರ್ ಬರ್ತಾನ" ಅಂತ ನಮ್ಮ ಸ್ಟ್ಯಾಂಡಿನ ಹುಡುಗರು ಹೇಳುತ್ತಾರೆ. ಹೌದು, ಬರ್ತಾನೆ. ಬರಲಿ, ಅವನು ಹೋದ ಮೇಲೆ ನಾವು ಹೋದರಾಯ್ತು. ಅವನು ಜೋರು ಬಂದಿದ್ದು ಗೊತ್ತಾಗಿದ್ದೇ ನಾವು ಕಾದಿದ್ದಕ್ಕೆ ಅಲ್ವಾ? ರಾತ್ರಿ ರಸ್ತೆ ಖಾಲಿ ಇದ್ದಾಗಲೂ ಯಾಕೆ ಹಾಕ್ತೀರಿ ಅಂತಲೂ ಕೇಳ್ತಾರೆ. ಖಾಲಿ ಅಂತ ಹೇಳೋದು ನನ್ನ ಕನ್ನಡಿ ಮಾತ್ರ. ಹೆಡ್‌ಲೈಟ್ ಕೆಟ್ಟ ಬೈಕಿನಲ್ಲಿ ಬರುವವನು ಅದರಲ್ಲಿ ಕಾಣಲ್ಲ. ನನ್ನ ಲೈಟು ಅವನಿಗೆ ಕಾಣುತ್ತೆ.