ಬೀಚ್ ಬಿಟ್ರೆ ಮಂಗಳೂರಲ್ಲಿ ಏನಿದೆ ಅಂತ ಕೇಳೋರಿಗೆ

ಚಿಕ್ಕಮಗಳೂರಲ್ಲಿ ಯಾರಾದ್ರೂ ಮಂಗಳೂರಿಗೆ ಹೊರಟ್ರೆ ನನ್ನ ಹತ್ರ ಒಂದು ಪ್ರಶ್ನೆ ಗ್ಯಾರಂಟಿ. ಆಸ್ಪತ್ರೆ, ಶಾಪಿಂಗ್ ಮಾಲು, ಬೀಚು ಬಿಟ್ರೆ ಅಲ್ಲಿ ನೋಡೋಕೆ ಏನಿದೆ ಮಾರಾಯ? ಬೇಲೂರು ಹಳೇಬೀಡು ಪಕ್ಕದಲ್ಲೇ ಇಟ್ಕೊಂಡಿರೋ ನಮಗೆ ಹಳೇದು ಅಂದ್ರೆ ಕೆತ್ತನೆ ಇರೋ ದೇವಸ್ಥಾನವೇ ಆಗ್ಬೇಕು, ಅದಕ್ಕೆ ಈ ಪ್ರಶ್ನೆ ಹುಟ್ಟುತ್ತೆ ಅನ್ಸುತ್ತೆ. ನಾನು ಹೇಳೋದು ಇಷ್ಟೇ, ಹಳೆ ಬಂದರಿನಿಂದ ಶುರು ಮಾಡಿ, ಊರು ತಾನಾಗೇ ಅರ್ಥ ಆಗ್ತಾ ಹೋಗುತ್ತೆ.

ಪಣಂಬೂರಲ್ಲಿರೋದು ಹೊಸ ಬಂದರು, 1970ರ ದಶಕದ್ದು. ಹಳೇದು ಸ್ಟೇಟ್ ಬ್ಯಾಂಕ್ ಬಸ್ ಸ್ಟ್ಯಾಂಡಿಂದ ನಡ್ಕೊಂಡು ಹೋಗೋ ದೂರದಲ್ಲಿದೆ. ಗುರುಪುರ ನದಿ ಮತ್ತೆ ನೇತ್ರಾವತಿ ಎರಡೂ ಬಂದು ಒಂದೇ ಅಳಿವೆಯಲ್ಲಿ ಸಮುದ್ರ ಸೇರೋದ್ರಿಂದ ಹುಟ್ಟಿದ ಜಾಗ ಇದು. ದಕ್ಕೆಗೆ (ಬೋಟು ನಿಲ್ಲೋ ಕಟ್ಟೆ) ಬೆಳಗಾಗೋ ಹೊತ್ತಿಗೆ ಹೋಗಿ, ಮೀನು ಇಳಿಸೋದು, ಹರಾಜು ಕೂಗೋದು, ಐಸ್ ಹೊಡೆಯೋದು ಎಲ್ಲಾ ಒಟ್ಟಿಗೆ ನಡೀತಿರುತ್ತೆ (ಜೂನ್ ಜುಲೈಲಿ ದೊಡ್ಡ ಬಲೆ ಎಳೆಯೋ ಟ್ರಾಲ್ ಬೋಟುಗಳಿಗೆ ರಜೆ, ಆಗ ಹೋಗ್ಬೇಡಿ). ಅಲ್ಲೇ ಹಳೆ ದಕ್ಕೆಯಲ್ಲಿ ಲಕ್ಷದ್ವೀಪಕ್ಕೆ ಹೋಗೋ ಮಂಜಿಗಳು ನಿಂತಿರುತ್ತೆ, ದೊಡ್ಡ ಹೊಟ್ಟೆಯ ಮರದ ಹಡಗುಗಳು, ತರಕಾರಿಯಿಂದ ಹಿಡಿದು ಮನೆ ಕಟ್ಟೋ ಜಲ್ಲಿ ತನಕ ಎಲ್ಲಾ ತುಂಬ್ಕೊಂಡು ಹೋಗುತ್ತೆ. ಸಾವಿರ ವರ್ಷದ ಹಿಂದೆ ಇಲ್ಲಿಂದ ಮೆಣಸು ಹೇಗೆ ಹೋಗ್ತಿತ್ತು ಅಂತ ಕಲ್ಪನೆ ಮಾಡ್ಕೊಳ್ಳೋಕೆ ಈ ಮಂಜಿಗಿಂತ ಒಳ್ಳೆ ಸಹಾಯ ಯಾವ ಮ್ಯೂಸಿಯಮ್ಮಲ್ಲೂ ಸಿಗಲ್ಲ.

ಈ ವ್ಯಾಪಾರಕ್ಕೆ ಕಾಗದದ ಸಾಕ್ಷಿನೂ ಇದೆ. 12ನೇ ಶತಮಾನದಲ್ಲಿ ಟುನೀಶಿಯಾ ಕಡೆಯ ಅಬ್ರಹಾಂ ಬೆನ್ ಯಿಜು ಅನ್ನೋ ಯಹೂದಿ ವ್ಯಾಪಾರಿ ಮಂಗಳೂರಿಗೆ ಬಂದು ಹದಿನೈದು ವರ್ಷಕ್ಕೂ ಜಾಸ್ತಿ ಕಾಲ ಈ ಕರಾವಳಿಯಲ್ಲೇ ಇದ್ದ, ಇಲ್ಲಿಯ ಹೆಣ್ಣನ್ನೇ ಮದುವೆ ಆದ, ಅವನಿಗೂ ಯೆಮೆನ್ ದೇಶದ ಬಂದರು ಏಡನ್‌ನ ವ್ಯಾಪಾರಿಗಳಿಗೂ ನಡೆದ ಪತ್ರಗಳು ಕೈರೋದ ಹಳೆ ಸಿನಗಾಗ್ (ಯಹೂದಿಗಳ ಪ್ರಾರ್ಥನಾ ಮಂದಿರ) ಒಂದರಲ್ಲಿ ಸಿಕ್ಕಿವೆ. ಇಲ್ಲಿಂದ ಮೆಣಸು, ಅಡಿಕೆ, ಕಬ್ಬಿಣ ಹೋಗ್ತಿತ್ತು, ಅಲ್ಲಿಂದ ಬರೆಯೋಕೆ ಕಾಗದ ಬರ್ತಿತ್ತು. ಅವನ ಕೆಲಸಗಾರನ ಹೆಸರು ಬೊಮ್ಮ. ಬೊಮ್ಮ! ನಮ್ಮೂರ ಕಡೆ ಹೆಸರು ಈಜಿಪ್ಟಿನ ಪತ್ರದ ಕಟ್ಟಲ್ಲಿ ಕೂತಿದೆ, ಇದನ್ನ ಮೊದಲ ಸಲ ಓದಿದಾಗ ನನಗೆ ಮೈ ಜುಮ್ ಅಂದಿತ್ತು.

ಬಂದರಿನ ಗೋಡೌನ್ ಬೀದಿಗಳ ಮಧ್ಯೆನೇ ಜೀನತ್ ಬಕ್ಷ್ ಮಸೀದಿ ಇದೆ, ಅರಬ್ ವ್ಯಾಪಾರಿಗಳ ಕಾಲದ್ದು ಅಂತ ನಂಬಿಕೆ, ಒಳಗಿನ ಮರದ ಕಂಬಗಳ ಕೆತ್ತನೆ ಚೆನ್ನಾಗಿದೆ, ಕೇಳ್ಕೊಂಡು ಒಳಗೆ ಹೋಗಿ. ರೊಸಾರಿಯೊ ಚರ್ಚ್ ಪೋರ್ಚುಗೀಸರು 1568ರಲ್ಲಿ ಶುರು ಮಾಡಿದ್ದು, ಈಗಿನ ಕಟ್ಟಡ ಆಮೇಲಿಂದು. ಇವೆರಡನ್ನೂ ನಡ್ಕೊಂಡೇ ನೋಡ್ಬಹುದು.

ಕದ್ರಿಗೆ ಮಾತ್ರ ಟೈಮ್ ಕೊಡಿ. ಮಂಜುನಾಥನಿಗೆ ಕೈಮುಗಿದು ಹೊರಟುಬಿಡೋರೇ ಜಾಸ್ತಿ, ಅಲ್ಲಿರೋ ಲೋಕೇಶ್ವರನ ಕಂಚಿನ ವಿಗ್ರಹ ನೋಡದೆ ಬರ್ಬೇಡಿ ದಯವಿಟ್ಟು. ಮೂರು ಮುಖ, ಆರು ಕೈ, ಪೀಠದಲ್ಲಿ ಶಾಸನ, ಈ ಕರಾವಳಿ ಆಳಿದ ಆಳುಪ ವಂಶದ ರಾಜ ಕುಂದವರ್ಮ 968ರಲ್ಲಿ ಕದಿರಿಕಾ ವಿಹಾರದಲ್ಲಿ ಇದನ್ನ ಪ್ರತಿಷ್ಠೆ ಮಾಡಿದ ಅಂತ. ಬೇಲೂರು ದೇವಸ್ಥಾನಕ್ಕಿಂತ ನೂರೈವತ್ತು ವರ್ಷ ಹಳೇದು! ವಿಹಾರ ಅನ್ನೋದು ಬೌದ್ಧರ ಮಾತು, ಅದೇ ಗುಡ್ಡದ ಮೇಲೆ ನಾಥಪಂಥದ ಜೋಗಿ ಮಠ, ಕೆಳಗೆ ಶಿವ. ಒಂದು ಗುಡ್ಡದಲ್ಲಿ ಇಷ್ಟೊಂದು ಉಳ್ಕೊಂಡಿದೆ ಅನ್ನೋದೇ ನನಗೆ ದೊಡ್ಡ ವಿಷಯ.

ಆಮೇಲೆ ಬಲ್ಮಠ. ಕನ್ನಡ ಓದೋ ಎಲ್ಲರೂ ಒಂದ್ಸಲ ಹೋಗ್ಬೇಕಾದ ಜಾಗ. ಸ್ವಿಟ್ಜರ್ಲೆಂಡಿನ ಕ್ರೈಸ್ತ ಸಂಸ್ಥೆ ಬಾಸೆಲ್ ಮಿಷನ್‌ನೋರು 1834ರಲ್ಲಿ ಹಡಗಲ್ಲಿ ಬಂದಿಳಿದು ಇಲ್ಲಿ ನೆಲೆ ನಿಂತ್ರು, 1843ರ ಜುಲೈ 1ಕ್ಕೆ ಹೆರ್ಮನ್ ಮೋಗ್ಲಿಂಗ್ ಕಲ್ಲಚ್ಚಲ್ಲಿ ಮಂಗಳೂರ ಸಮಾಚಾರ ಹೊರಡಿಸಿದ್ರು, ಕನ್ನಡದ ಮೊದಲ ಪತ್ರಿಕೆ. ಕಿಟೆಲ್ ನಿಘಂಟು 1894ರಲ್ಲಿ ಅಚ್ಚಾಗಿದ್ದೂ ಇವರ ಪ್ರೆಸ್ಸಲ್ಲೇ. ಹೆಂಚಿನ ಕಾರ್ಖಾನೆ ಶುರು ಮಾಡಿದ್ದೂ ಇವರೇ, 1860ರ ದಶಕದಲ್ಲಿ, ನದಿ ದಂಡೆ ಜೇಡಿಮಣ್ಣು ಕೈಗೆ ಸಿಗುತ್ತೆ, ಮಾಲು ಸಾಗಿಸೋಕೆ ದೋಣಿ ಇದೆ ಅಂತ. ನಮ್ಮ ತೋಟಗಳಲ್ಲಿ ಕೆಲಸದವರ ಹಳೆ ಲೈನ್ ಮನೆ ರಿಪೇರಿ ಮಾಡಿಸುವಾಗ ಒಂದು ಹೆಂಚು ತಿರುಗಿಸಿ ನೋಡಿ, ಪಾಚಿ ಕೆರೆದ್ರೆ ಇಂಗ್ಲಿಷ್ ಅಕ್ಷರದಲ್ಲಿ ಕಾರ್ಖಾನೆ ಹೆಸರು, ಮಂಗಳೂರು ಅಂತ ಊರ ಹೆಸರು ಉಬ್ಬಿಕೊಂಡಿರುತ್ತೆ. ನಾವು ಮಲಗಿರೋದೇ ಆ ಊರಿನ ಮಣ್ಣಿನ ಕೆಳಗೆ.

ಇನ್ನು ನಮ್ಮ ಕಾಫಿ. ತೋಟದಿಂದ ಚಾರ್ಮಾಡಿ ಘಾಟಿ ಇಳಿದು ಕ್ಯೂರಿಂಗಿಗೆ (ಸಿಪ್ಪೆ ಬಿಡಿಸಿ ಬೀಜ ವಿಂಗಡಿಸೋ ಕೆಲಸ) ಹೋಗೋದು, ಹಡಗು ಹತ್ತೋದು ಎಲ್ಲರಿಗೂ ಗೊತ್ತು. ಆದರೆ ಮಾನ್ಸೂನ್ಡ್ ಕಾಫಿ ಹೇಗೆ ಆಗುತ್ತೆ ಅಂತ ನಮ್ಮಲ್ಲೇ ಸುಮಾರು ಜನಕ್ಕೆ ಗೊತ್ತಿಲ್ಲ. ಹಾಯಿ ಹಡಗಿನ ಕಾಲದಲ್ಲಿ ಬೀಜ ಆಫ್ರಿಕಾ ಸುತ್ತಿ ಯುರೋಪ್ ಮುಟ್ಟೋಕೆ ತಿಂಗಳುಗಟ್ಟಲೆ ಹಿಡೀತಿತ್ತು, ಅಷ್ಟರಲ್ಲಿ ಸಮುದ್ರದ ತೇವ ಕುಡಿದು ಊದಿಕೊಂಡು ಬಣ್ಣ ಬಿಟ್ಟಿರ್ತಿತ್ತು, ಅಲ್ಲಿಯೋರಿಗೆ ಅದೇ ರುಚಿ ಹಿಡೀತು. ಸ್ಟೀಮರ್ರು, ಸೂಯೆಜ್ ಕಾಲುವೆ ಬಂದು ದಾರಿ ಚಿಕ್ಕದಾದ ಮೇಲೆ ಆ ರುಚಿ ತಪ್ಪಿಹೋಯ್ತು, ಹಾಗಾಗಿ ಕರಾವಳಿಯ ಗೋಡೌನುಗಳಲ್ಲೇ ಅದನ್ನ ಮಾಡೋಕೆ ಶುರು ಮಾಡಿದ್ರು. ಜೂನ್‌ನಿಂದ ಗೋಡೆಗಳ ಕಿಂಡಿ ತೆರೆದು, ಚೆರಿ ಬೀಜಾನ (ಹಣ್ಣನ್ನ ಹಾಗೇ ಒಣಗಿಸಿ ತೆಗೆದ ಬೀಜ) ನೆಲದ ಮೇಲೆ ಹರಡಿ, ಆಗಾಗ ಎಳೆದು ತಿರುಗಿಸಿ, ಆಮೇಲೆ ಚೀಲಕ್ಕೆ ಸಡಿಲವಾಗಿ ತುಂಬಿ ಗಾಳಿ ಆಡೋ ಹಾಗೆ ಸಾಲಾಗಿ ನಿಲ್ಲಿಸ್ತಾರೆ, ಮತ್ತೆ ಸುರಿದು ಮತ್ತೆ ತುಂಬ್ತಾರೆ. ಮೂರು ನಾಲ್ಕು ತಿಂಗಳಲ್ಲಿ ಹಸಿರು ಬೀಜ ಒಣಹುಲ್ಲಿನ ಬಣ್ಣಕ್ಕೆ ತಿರುಗುತ್ತೆ, ಗಾತ್ರ ದಪ್ಪ ಆಗುತ್ತೆ, ಹುಳಿ ತುಂಬಾ ಇಳಿಯುತ್ತೆ. ನಮ್ಮ ಬೆಟ್ಟದ ಬೆಳೆ, ಅವರ ಸಮುದ್ರದ ಗಾಳಿ, ಎರಡೂ ಸೇರ್ದೇ ಆಗದ ಕಾಫಿ ಅದು. ಯಾರಾದ್ರೂ ಪರಿಚಯದವರಿದ್ರೆ ಮಳೆಗಾಲದಲ್ಲಿ ಕೇಳ್ಕೊಂಡು ಒಂದ್ಸಲ ನೋಡಿ.

ಮಧ್ಯಾಹ್ನದ ಬಿಸಿಲಿಗೆ ಸೇಂಟ್ ಅಲೋಶಿಯಸ್ ಚಾಪೆಲ್ ಒಳ್ಳೇದು. ಇಟಲಿಯ ಆಂತೋನಿಯೊ ಮೊಸ್ಕೇನಿ ಗೋಡೆ, ಚಾವಣಿ ಎಲ್ಲಾ ಚಿತ್ರ ತುಂಬಿಸಿದ್ದಾರೆ, ಕತ್ತು ನೋಯೋ ತನಕ ನೋಡ್ಬಹುದು. ಸಂಜೆಗೆ ಬೋಳೂರಿನ ಸುಲ್ತಾನ್ ಬತ್ತೇರಿ ಇಟ್ಕೊಳ್ಳಿ. ನದಿಯೊಳಗೆ ಶತ್ರು ಹಡಗು ನುಗ್ಗದಿರ್ಲಿ ಅಂತ ಟಿಪ್ಪು 1784ರಲ್ಲಿ ಕಟ್ಟಿಸಿದ ಕಪ್ಪು ಕಲ್ಲಿನ ಕಾವಲು ಗೋಪುರ, ಚಿಕ್ಕದು, ಫಿರಂಗಿ ಇಡೋ ಕಿಂಡಿಯಿಂದ ನೋಡಿದ್ರೆ ಅದನ್ನ ಅಲ್ಲೇ ಯಾಕೆ ಕಟ್ಟಿದ್ರು ಅಂತ ತಕ್ಷಣ ತಿಳಿಯುತ್ತೆ. ಅಲ್ಲಿಂದಲೇ ದೋಣಿ ಹತ್ತಿ ಆಚೆ ದಡಕ್ಕೆ ಹೋದ್ರೆ ತಣ್ಣೀರುಬಾವಿ ಬೀಚ್, ಮಕ್ಕಳಿಗೂ ಖುಷಿ. ರಾತ್ರಿ ಮಂಗಳೂರಲ್ಲೇ ಉಳ್ಕೊಳ್ಳಿ, ಚಾರ್ಮಾಡಿಯ ಮಂಜಲ್ಲಿ ಕತ್ತಲಾದ ಮೇಲೆ ಗಾಡಿ ಹತ್ತಿಸೋ ಕಷ್ಟ ಯಾಕೆ.